ಕಾಶೀರಾಮ ಕಂಡಕ್ಟರ್ ಮಾಡಿದ ಮೂರು ಕೊಲೆ

ಕಾಶೀರಾಮ ತನ್ನ ಜೀವಮಾನದಲ್ಲಿ ಮಾಡಿದ್ದು ಮೂರು ಕೊಲೆ. ಮೂರೂ ನೌಕರಿಯಿಂದ ನಿವೃತ್ತನಾದ ಮೇಲೆ, ಒಂದೇ ತಿಂಗಳಲ್ಲಿ, ಹೆತ್ತ ಮಗಳ ಅಪ್ಪಣೆಯಂತೆ ನಡೆದವು. ಮೊದಲು ಸತ್ತವಳು ಆತನ ಹೆಂಡತಿ. ಅದಕ್ಕೂ ಹಿಂದಿನ ಅರವತ್ತು ವರ್ಷ ಆತ ಕೋಳಿಯ ಕುತ್ತಿಗೆಯನ್ನೂ ಹಿಡಿದವನಲ್ಲ. ಮನೆಯಲ್ಲಿ ಕೋಳಿ ಕೊಯ್ಯುವ ದಿನ ಬಂತೆಂದರೆ ಏನಾದರೂ ನೆವ ತೆಗೆದು ಡಬಲ್ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದ.

ಭಾಲ್ಕಿ ಡಿಪೊದಲ್ಲಿ ಆತ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದ. ಭಾಲ್ಕಿಯಿಂದ ಠಾಣಾ ಕುಶನೂರಿನ ಮೇಲೆ ಔರಾದಕ್ಕೆ, ಔರಾದದಿಂದ ಮತ್ತೆ ಭಾಲ್ಕಿಗೆ, ನಡುನಡುವೆ ಬೀದರಿಗೂ ಒಂದು ಸುತ್ತು. ಮನೆ ಠಾಣಾ ಕುಶನೂರಿನಲ್ಲಿ. ಈ ದಾರಿಯಲ್ಲಿ ಆತನನ್ನು ತಿಳಿಯದವರು ಯಾರಾದರೂ ಇದ್ದರೆ ಅವರು ಹುಟ್ಟಿದಾಗಿನಿಂದ ಸ್ವಂತ ಜೀಪಿನಲ್ಲೇ ಓಡಾಡಿದವರಿರಬೇಕು. ಯಾವ ಮುದುಕಿಯ ಕಣ್ಣಿನ ಆಪರೇಷನ್ ಎಂದು, ಯಾರ ಮಗ ಎಷ್ಟನೇ ಇಯತ್ತೆ, ಯಾರ ಸೊಸೆಯ ತವರು ಎಕಂಬಾ, ಎಲ್ಲವೂ ಆತನ ನಾಲಿಗೆಯ ತುದಿಯಲ್ಲಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ವರ್ಷ, ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಒಬ್ಬರ ಕಾಲನ್ನೂ ತುಳಿಯದೆ ಮುಂದಿನಿಂದ ಹಿಂದಕ್ಕೆ ಹೋಗಿ ಬರುತ್ತಿದ್ದವನು ಇವನೊಬ್ಬನೇ ಎಂದು ಡ್ರೈವರ್ ಬಾಬುಮಿಯಾ ಇಂದಿಗೂ ಆಣೆ ಮಾಡಿ ಹೇಳುತ್ತಾನೆ.

ಇಂಥ ನೌಕರಿ ಮೈಗೆ ಅಂಟಿಕೊಳ್ಳದೆ ಬಿಡುವುದಿಲ್ಲ. ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ಮೂವತ್ತೊಂದು ವರ್ಷ ನಿಂತವನ ಕಾಲು ಗಟ್ಟಿ ನೆಲಕ್ಕೆ ಬಂದರೂ ನೆಲವನ್ನು ನಂಬುವುದಿಲ್ಲ. ಎರಡು ಹೆಜ್ಜೆಗಳ ನಡುವೆ ಒಂದು ಗೇಣು ಅಗಲ, ಮೊಳಕಾಲು ಕೊಂಚ ಸಡಿಲ, ಎಡ ಭುಜ ಯಾವಾಗಲೂ ಮುಂದೆ. ಸುತ್ತಮುತ್ತ ನರಪಿಳ್ಳೆ ಇಲ್ಲದ ಹೊಲದಲ್ಲಿ ಕೂಡ ಕಾಶೀರಾಮ ಇಬ್ಬರ ನಡುವೆ ನುಸುಳುವವನ ಹಾಗೆ ಓರೆಯಾಗಿ ನಡೆಯುತ್ತಿದ್ದ. ಮದುವೆಗೆ ಹೋಗಲಿ, ಮಣ್ಣಿಗೆ ಹೋಗಲಿ, ಸೇರಿದವರ ತಲೆ ಎಣಿಸದೆ ಕೂರುತ್ತಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರೆ. ನೌಕರಿಯ ಗುಣ ಪೆನ್ಶನ್ ಬಂದರೂ ಹೋಗುವುದಿಲ್ಲ.

ಮೂರು ಊರಿನ ಜನ ಮಾತಾಡಿಸುವ ಈ ಮನುಷ್ಯನೊಂದಿಗೆ ಮಾತಾಡದವಳು ಒಬ್ಬಳೇ, ಆತನ ಮಗಳು ಪ್ರಣಿತಾ. ಜಗಳವೇನೂ ಆಗಿರಲಿಲ್ಲ. ಎಂಟು ವರ್ಷದಿಂದ "ಊಟಕ್ಕ ಬರ್ರಿ", "ನಿಮಗ ಫೋನ್ ಬಂದದ" ಎಂಬಷ್ಟೇ ಮಾತು. ಬೀದರಿನ ಕಾಲೇಜು ಸೇರಿ ಹಾಸ್ಟೆಲಿಗೆ ಹೋದ ಮೇಲಂತೂ ಅದು "ಅವ್ವಗ ಕೊಡ್ರಿ" ಎಂಬ ಒಂದೇ ವಾಕ್ಯಕ್ಕೆ ಬಂದು ನಿಂತಿತ್ತು. ಯಾಕೆಂದು ಕಾಶೀರಾಮನಿಗೆ ಗೊತ್ತಿರಲಿಲ್ಲ. ಮಗಳನ್ನು ಕೇಳಲು ಧೈರ್ಯವಿಲ್ಲ. ಹೆಂಡತಿ ಶಾಲುಬಾಯಿಯನ್ನು ಕೇಳಿದರೆ, "ಮಾಡಿದವರಿಗೇ ನೆನಪಿಲ್ಲಂದ್ರ ನಾ ಯಾಕ ಹೇಳ್ಲಿ? ಊರಿಗಿ ಉಪಕಾರಿ, ಮನಿಗಿ ಮಾರಿ," ಎಂದು ಸೊಪ್ಪು ಸೋಸಲು ಕೂರುತ್ತಿದ್ದಳು. ನಿವೃತ್ತನಾದ ಮೇಲೆ ಮನೆಯಲ್ಲೇ ಇರಬೇಕಾಗಿ ಬಂದಾಗ ಆ ಮೌನ ಆತನಿಗೆ ತಡೆಯಲಾರದಷ್ಟಾಗಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ ಮಗಳ ಫೋನ್ ಬಂತು. ಕಾಶೀರಾಮ ಹೆಸರು ನೋಡಿದವನೇ ವಾಡಿಕೆಯಂತೆ ಹೆಂಡತಿಯ ಕೈಗೆ ಕೊಟ್ಟ. ಶಾಲುಬಾಯಿ ಒಂದು ನಿಮಿಷ ಕೇಳಿ, ಕಣ್ಣು ಅಗಲಿಸಿ ಫೋನನ್ನು ವಾಪಸು ಚಾಚಿದಳು. "ನಿಮಗೇ ಕೊಡಂತ."

ಯಾರೋ ಸತ್ತಿದ್ದಾರೆ ಎಂದೇ ಕಾಶೀರಾಮ ತಿಳಿದ.

"ಅಪ್ಪಾ," ಎಂದಳು ಪ್ರಣಿತಾ. "ನಮ್ಮ ಸಿನಿಮಾದಾಗ ನೀವು ಕೊಲಿ ಮಾಡ್ತೀರೇನ್ರಿ?"

"ಮಾಡ್ತೇನವ್ವಾ," ಎಂದ ಕಾಶೀರಾಮ, ಉಸಿರು ಕೂಡ ತೆಗೆದುಕೊಳ್ಳದೆ. "ಯಾರ್ದು?"

ವಿಷಯ ಹೀಗಿತ್ತು. ಪ್ರಣಿತಾ ಪತ್ರಿಕೋದ್ಯಮದಲ್ಲಿ ಎಂ.ಎ. ಓದುತ್ತಿದ್ದಳು, ಕೊನೆಯ ವರ್ಷ. ಪ್ರತಿ ತಂಡವೂ ಒಂದು ಕಿರುಚಿತ್ರ ಮಾಡಿ ಮಾರ್ಚಿನಲ್ಲಿ ಕಾಲೇಜಿನ ಹಾಲಿನಲ್ಲಿ ತೋರಿಸಬೇಕು. ಅವುಗಳಲ್ಲಿ ಒಂದೇ ಒಂದು ಕಲಬುರಗಿಯ ಸ್ಪರ್ಧೆಗೆ ಹೋಗುತ್ತದೆ. ಉಳಿದ ತಂಡಗಳು ಪ್ಲಾಸ್ಟಿಕ್ ಬೇಡ, ನೀರು ಉಳಿಸಿ ಎಂಬ ಸಾಧು ವಿಷಯ ಹಿಡಿದವು. ಪ್ರಣಿತಾ ಥ್ರಿಲ್ಲರ್ ಮಾಡುತ್ತೇನೆ ಎಂದು ಹಟ ಹಿಡಿದಳು. ಹೆಸರು 'ಮುಸುಕಿನವ'. ಊರಿನಲ್ಲಿ ಒಬ್ಬ ಮಂಕಿ ಕ್ಯಾಪ್ ಹಾಕಿ, ಬಾಯಿಗೆ ಬಟ್ಟೆ ಸುತ್ತಿಕೊಂಡು ಒಬ್ಬೊಬ್ಬರನ್ನೇ ಕೊಲ್ಲುತ್ತಾನೆ. ಅವನು ಯಾರೆಂದು ಕೊನೆಯ ನಿಮಿಷದವರೆಗೆ ಯಾರಿಗೂ ಗೊತ್ತಾಗಬಾರದು. ತಂಡದಲ್ಲಿ ಇದ್ದದ್ದೇ ಮೂರು ಜನ: ನಿರ್ದೇಶಕಿ ಪ್ರಣಿತಾ, ಕ್ಯಾಮೆರಾಕ್ಕೆ ಭಾಲ್ಕಿಯ ಓಂಪ್ರಕಾಶ, ನಾಯಕಿಯಾಗಿ ಬೀದರಿನ ಗುಡಿಯಾ. ನಟಿಸದ ಹೊತ್ತಿನಲ್ಲಿ ಮೈಕ್ ಹಿಡಿಯುವುದೂ ಗುಡಿಯಾಳ ಕೆಲಸವೇ. ಕೊಲೆಗಾರನಾಗಬೇಕಿದ್ದ ಸಹಪಾಠಿ ಅಶ್ವಜಿತ, ಪೊಲೀಸ್ ಭರ್ತಿಯ ಓಟದ ಪರೀಕ್ಷೆ ಇದೆಯೆಂದು ಶೂಟಿಂಗಿನ ಮುನ್ನಾದಿನ ಕೈಕೊಟ್ಟಿದ್ದ. ಕೊಲೆಗಾರನೇ ಪೊಲೀಸಾಗಲು ಹೋದ ಮೇಲೆ ಮಗಳಿಗೆ ಅಪ್ಪನ ನೆನಪಾಗಿತ್ತು.

"ಮುಖ ಕಡೀಕ ಅರ್ಧ ಮಿನಿಟ್ ಅಷ್ಟ ಕಾಣ್ತದ್ರಿ. ಉಳಕಿದ್ದೆಲ್ಲ ಬರೇ ನಡಿಬೇಕು," ಎಂದಿದ್ದಳು.

ಬರೇ ನಡಿಬೇಕು! ಆ ಒಂದು ಮಾತಿನಲ್ಲೇ ಸಿನಿಮಾ ಕೆಟ್ಟಿತ್ತು. ಆದರೆ ಅದು ಆಗ ಯಾರಿಗೂ ತಿಳಿಯಲಿಲ್ಲ. ಕಾಶೀರಾಮನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಎಂಟು ವರ್ಷದಲ್ಲಿ ಮಗಳು ಬಾಯಿ ಬಿಟ್ಟು ಕೇಳಿದ ಮೊದಲ ಕೆಲಸ ಇದು. ಇದನ್ನು ಕೆಡಿಸಿದರೆ ಇನ್ನೊಂದು ಕೇಳುವುದಿಲ್ಲ.

ಮೊದಲ ಕೊಲೆ ಠಾಣಾ ಕುಶನೂರಿನ ಸ್ವಂತ ಮನೆಯಲ್ಲೇ ನಡೆಯಿತು. ಮಲಗಿದ ಮುದುಕಿಯ ಮುಖಕ್ಕೆ ದಿಂಬು ಒತ್ತಬೇಕು. ಮುದುಕಿಯ ಪಾತ್ರಕ್ಕೆ ಬೇರೆ ಯಾರೂ ಒಪ್ಪದೆ ಶಾಲುಬಾಯಿಯನ್ನೇ ಮಲಗಿಸಿದರು. ಓಂಪ್ರಕಾಶ ಕ್ಯಾಮೆರಾ ಶುರು ಮಾಡಿದ. ಕಾಶೀರಾಮ ಮುಸುಕು ಹಾಕಿಕೊಂಡು ದಿಂಬು ಹಿಡಿದು ಹತ್ತಿರ ಬಂದ. ಹೆಣವಾಗಬೇಕಾದವಳು ಎದ್ದು ಕುಳಿತಳು.

"ಜರಾ ತಡೀರಿ. ಕುಕ್ಕರ್ ಎರಡ ಸೀಟಿ ಆಗ್ಯಾವ. ಮೂರನೇದ್ದು ಆಗ್ಲಿ, ಒಲಿ ಆರಿಸಿ ಬಂದು ಸಾಯ್ತೇನಿ."

"ಅವ್ವಾ, ಇದು ಸಸ್ಪೆನ್ಸ್ ಸೀನ್!" ಎಂದಳು ಪ್ರಣಿತಾ.

"ಬ್ಯಾಳಿ ತಳ ಹತ್ತಿದ್ರ ನಿನ್ನ ಸಸ್ಪೆನ್ಸ್ ತಿಂತೀರೇನು ಎಲ್ಲರೂ?"

ತೊಗರಿ ಬೇಳೆ ಬೆಂದ ಮೇಲೆ ಕೊಲೆ ಮುಂದುವರಿಯಿತು. ಆರು ಟೇಕ್ ಆದವು. ಕಾಶೀರಾಮ ದಿಂಬನ್ನು ಎಷ್ಟು ನಯವಾಗಿ ಒತ್ತುತ್ತಿದ್ದನೆಂದರೆ ಶಾಲುಬಾಯಿಗೆ ನಾಲ್ಕನೇ ಟೇಕಿನಲ್ಲಿ ನಿಜವಾಗಿ ನಿದ್ದೆ ಹತ್ತಿತು. "ಅಪ್ಪಾ, ಎಡಕ್ಕ ಬರ್ರಿ", "ಅಪ್ಪಾ, ದಿಂಬು ಮ್ಯಾಲ ಹಿಡೀರಿ" ಎಂದು ಮಗಳು ಹೇಳುತ್ತಿದ್ದರೆ ಆತ ಒಳಗೇ ಲೆಕ್ಕ ಇಡುತ್ತಿದ್ದ. ಅಂದು ಸಂಜೆಯೊಳಗೆ ಇಪ್ಪತ್ತಾರು ವಾಕ್ಯ. ಎಂಟು ವರ್ಷದ ಬರಗಾಲಕ್ಕೆ ಒಂದೇ ದಿನದಲ್ಲಿ ಇಷ್ಟು ಬಂದರೆ ಯಾವ ತಂದೆಗೆ ತಲೆ ತಿರುಗುವುದಿಲ್ಲ?

ಎರಡನೆಯ ಕೊಲೆ ಊರ ಹೊರಗಿನ ತೊಗರಿ ಹೊಲದಲ್ಲಿ, ಕೊಯ್ದ ತೊಗರಿಕಟ್ಟಿಗೆಯ ಬಣವೆಯ ಪಕ್ಕ. ಸಾಯುವವನು ಓಂಪ್ರಕಾಶ. ಅವನು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಬಟನ್ ಒತ್ತಿ, ಓಡಿ ಬಂದು ನಿಲ್ಲಬೇಕು. ಹಿಂದಿನಿಂದ ಮುಸುಕಿನವ ಬಂದು ಕೋಲಿನಿಂದ ಹೊಡೆಯಬೇಕು. ಕಾಶೀರಾಮ ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದ, ಕೋಲು ಎತ್ತಿದ. ಎತ್ತಿದವನೇ, ಮೂವತ್ತೊಂದು ವರ್ಷದ ರೂಢಿ ನೋಡಿ, "ಜರಾ ಒಳಗ ಸರೀರಿ," ಎಂದುಬಿಟ್ಟ. ಓಂಪ್ರಕಾಶನೂ ದಿನಾ ಬಸ್ಸಿಗೆ ಓಡಾಡಿದ ಹುಡುಗ, ಮರುಮಾತಾಡದೆ ಎರಡು ಹೆಜ್ಜೆ ಮುಂದೆ ಸರಿದ. ಕೋಲು ಗಾಳಿಗೆ ಬಿತ್ತು. ಕೊಲೆಯಾದವನು ಬಿದ್ದ ಮೇಲೆ ಮತ್ತೆ ಮತ್ತೆ ಎದ್ದು ಹೋಗಿ ಫೋಕಸ್ ನೋಡಿ ಬಂದು ಸತ್ತ.

ಮೂರನೆಯದೇ ಮುಖ್ಯ. ಭಾಲ್ಕಿಯ ಬಸ್ ಸ್ಟ್ಯಾಂಡಿನಲ್ಲಿ, ಜನರ ನಡುವೆ, ಮುಸುಕಿನವ ಗುಡಿಯಾಳ ಬೆನ್ನು ಹತ್ತಬೇಕು. ಅವಳಿಗೆ ಗೊತ್ತಾಗಬಾರದು. ಓಂಪ್ರಕಾಶ ಹಣ್ಣಿನ ಗಾಡಿಯ ಮರೆಯಲ್ಲಿ ಕ್ಯಾಮೆರಾ ಹಿಡಿದು ನಿಂತ. ಗುಡಿಯಾ ಹೊರಟಳು. ಹತ್ತು ಹೆಜ್ಜೆ ಹಿಂದೆ ಕಾಶೀರಾಮ ಹೊರಟ. ಮಂಕಿ ಕ್ಯಾಪ್, ಬಾಯಿಗೆ ಕರಿ ಬಟ್ಟೆ, ಮೈಗೆ ಉದ್ದನೆಯ ರೇನ್‌ಕೋಟ್. ಹೆತ್ತ ತಾಯಿ ಬಂದರೂ ಗುರುತು ಸಿಗದಂಥ ವೇಷ.

ಭಾತಂಬ್ರಾದ ಒಬ್ಬ ಮುದುಕಿ ಅವನ ರೇನ್‌ಕೋಟಿನ ತೋಳು ಹಿಡಿದು ನಿಲ್ಲಿಸಿದಳು. "ಕಾಶೀರಾಮ, ಔರಾದ ಬಸ್ ಎಷ್ಟಕ್ಕದನಪಾ?"

ಮುಸುಕಿನವನಿಗೆ ಉತ್ತರ ಕೊಡದೆ ಇರಲಾಗಲಿಲ್ಲ. "ಹತ್ತೂ ನಲವತ್ತಕ್ಕ ಆಯಿ. ಮೂರನೇ ಪ್ಲಾಟ್‌ಫಾರ್ಮಿಗಿ ಹೋಗಿ ನಿಂದರು."

"ಮತ್ತ ಮಾರಿಗ್ಯಾಕ ಅರಿವಿ ಸುತ್ಕೊಂಡಿದಿ? ಹಲ್ಲ ನೋಯಲತ್ತದೇನು?"

ಅಷ್ಟರಲ್ಲಿ ಇನ್ನೂ ನಾಲ್ಕು ಜನ ಸೇರಿದರು. ಒಬ್ಬನಿಗೆ ಬೀದರಿನ ಬಸ್ಸು ಬೇಕು, ಒಬ್ಬಳಿಗೆ ಎಕಂಬಾಕ್ಕೆ ಎಲ್ಲಿ ಇಳಿಯಬೇಕು ತಿಳಿಯಬೇಕು. ಕೊಲೆಗಾರ ಎಲ್ಲರಿಗೂ ಸಮಾಧಾನವಾಗಿ ವೇಳೆ ಹೇಳುತ್ತ ನಿಂತ. ಬೆನ್ನ ಹಿಂದೆ ಸಾವು ಬರುತ್ತಿದೆ ಎಂದುಕೊಂಡು ಗುಡಿಯಾ ಭಯದ ಮುಖ ಮಾಡಿಕೊಂಡು ರಸ್ತೆಯವರೆಗೆ ಹೋಗಿ ತಿರುಗಿ ನೋಡಿದರೆ ಸಾವಿನ ಸುಳಿವೇ ಇಲ್ಲ.

ಬುದ್ಧಿ ಇದ್ದವರು ಅಲ್ಲೇ ಪಾಠ ಕಲಿಯುತ್ತಿದ್ದರು. ಇವರು ಕಲಿತದ್ದು, ಭಾಲ್ಕಿಯಲ್ಲಿ ಜನ ಜಾಸ್ತಿ ಎಂಬುದನ್ನು ಮಾತ್ರ. ಎಕಂಬಾ ಕ್ರಾಸಿಗೆ ಹೋಗಿ, ಜನರಿಲ್ಲದ ಹೊತ್ತು ನೋಡಿ, ಗುಡಿಯಾಳನ್ನು ಅಲ್ಲಿ ಕೊಂದು ಬಂದರು. ಕೊನೆಗೆ ಮುಸುಕು ತೆಗೆಯುವ ಅರ್ಧ ನಿಮಿಷವನ್ನೂ ಅಲ್ಲೇ ಮುಗಿಸಿದರು. ಅದರಲ್ಲಿ ಕಾಶೀರಾಮನ ಮುಖ ಗುರುತಿನ ಚೀಟಿಯ ಫೋಟೋಕ್ಕೆ ಕೂತ ಹಾಗಿತ್ತು. ಇರಲಿ, ಅಷ್ಟು ಹೊತ್ತಿಗೆ ಜನ ಬೆಚ್ಚಿಬಿದ್ದಿರುತ್ತಾರಲ್ಲ ಎಂದು ಪ್ರಣಿತಾ ಸಮಾಧಾನ ಮಾಡಿಕೊಂಡಳು.

ಕಾಲೇಜಿಗೆ ಒಪ್ಪಿಸುವ ಮೊದಲು ಒಮ್ಮೆ ಜನರಿಗೆ ತೋರಿಸಿ ನೋಡೋಣ ಎಂದವಳೂ ಪ್ರಣಿತಾಳೇ. ಠಾಣಾ ಕುಶನೂರಿನ ಬುದ್ಧ ವಿಹಾರದ ಪಕ್ಕದ ಸಭಾಭವನದಲ್ಲಿ, ಭಾನುವಾರದ ವಂದನೆ ಮುಗಿದ ಮೇಲೆ, ಕಿಟಕಿಗಳಿಗೆ ಕಂಬಳಿ ಕಟ್ಟಿ, ಬಿಳಿ ಚಾದರ ತೂಗುಬಿಟ್ಟು ಸಿನಿಮಾ ಹಾಕಿದರು. ಜನ ಹೇಗೆ ಬೆಚ್ಚುತ್ತಾರೆ ನೋಡಲು ಪ್ರಣಿತಾ ಒಂದು ಮೂಲೆಯಲ್ಲಿ ಮೊಬೈಲ್ ಇಟ್ಟು ಜನರ ಮುಖವನ್ನೂ ರೆಕಾರ್ಡ್ ಮಾಡಿಕೊಳ್ಳತೊಡಗಿದಳು. ಕಾಶೀರಾಮ ಬಾಗಿಲಲ್ಲಿ ನಿಂತು ಎಣಿಸಿದ. ಅರವತ್ತಮೂರು ಜನ.

ತೆರೆಯ ಮೇಲೆ ಮಬ್ಬುಗತ್ತಲೆ. ನಾಯಿ ಊಳಿಡುವ ಸದ್ದು. ಗೋಡೆಯ ಪಕ್ಕದಿಂದ ಎರಡು ಕಾಲು ಮಾತ್ರ ಮೆಲ್ಲಗೆ ನಡೆದು ಬಂದವು.

"ಏ, ಕಾಶೀರಾಮ!" ಎಂದಿತು ಮೂರನೇ ಸಾಲಿನ ಒಂದು ದನಿ.

"ಹೌದ ನೋಡ್ರಿ, ಕಂಡಕ್ಟರಾ!" ಎಂದು ಇಡೀ ಸಭಾಭವನ ಚಪ್ಪಾಳೆ ತಟ್ಟಿತು. ಸಿನಿಮಾ ಶುರುವಾಗಿ ನಲವತ್ತು ಸೆಕೆಂಡ್ ಆಗಿತ್ತು.

ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ದಿಂಬು ಕಂಡಾಗ "ಏ ಶಾಲುಬಾಯಿ, ಏಳ, ನಿನ್ನ ಗಂಡ ಬಂದಾನ!" ಎಂದು ಹೆಂಗಸರು ಕೂಗಿದರು. ತೊಗರಿ ಹೊಲದಲ್ಲಿ "ಹಿಂದ ನೋಡಲೇ ಹುಡುಗಾ!" ಎಂದರು. ಎಕಂಬಾ ಕ್ರಾಸ್ ಬಂದಾಗ ಒಬ್ಬ ಅಜ್ಜಿ ಎದ್ದೇ ನಿಂತು, "ತಂಗೀ ಓಡ, ಓಡ, ಅಂವ ಅಲ್ಲೇ ಬರಲತ್ತಾನ!" ಎಂದು ಚಾದರದ ಕಡೆ ಕೋಲು ಬೀಸಿದಳು. ಕೊನೆಗೆ ಮುಸುಕು ತೆಗೆಯುವ ಮಹಾ ರಹಸ್ಯದ ಹೊತ್ತಿಗೆ ಜನ ಎದ್ದು ಚಪ್ಪಲಿ ಹುಡುಕುತ್ತಿದ್ದರು. ನೋಡುವುದಕ್ಕೆ ಏನು ಉಳಿದಿತ್ತು? ಹೊರಗೆ ಬಂದವರೆಲ್ಲ ಕಾಶೀರಾಮನ ಬೆನ್ನು ಚಪ್ಪರಿಸಿ, "ಭಾರಿ ಮಾಡಿದ್ರಿ, ಕಾಲ ನೋಡಿದ ಕೂಡ್ಲೇ ಗುರ್ತ ಹತ್ತಿತು," ಎಂದು ಹೊಗಳಿದರು. ಒಂದೊಂದು ಹೊಗಳಿಕೆಯೂ ಆತನಿಗೆ ಕಪಾಳಕ್ಕೆ ಹೊಡೆದಂತಾಯಿತು.

ಪ್ರಣಿತಾ ಅಂದು ತಂದೆಯ ಜೊತೆ ಒಂದೇ ಒಂದು ಮಾತೂ ಆಡಲಿಲ್ಲ. ಲ್ಯಾಪ್‌ಟಾಪ್ ತೆಗೆದುಕೊಂಡು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಕಾಲೇಜಿನ ಪ್ರದರ್ಶನಕ್ಕೆ ನಾಲ್ಕೇ ದಿನ ಇತ್ತು.

ಕಾಶೀರಾಮ ರಾತ್ರಿಯಿಡೀ ಹೊರಳಾಡಿ ಬೆಳಿಗ್ಗೆ ಒಂದು ತೀರ್ಮಾನಕ್ಕೆ ಬಂದ. ನಡಿಗೆ ಕೆಟ್ಟಿದ್ದರೆ ನಡಿಗೆಯನ್ನೇ ಬದಲಾಯಿಸಬೇಕು. ಶಾಲುಬಾಯಿಯ ಹಳೆಯ ಸೀರೆಯ ಅಂಚು ಹರಿದು, ಎರಡು ಮೊಳಕಾಲು ಸೇರಿಸಿ ರೇನ್‌ಕೋಟಿನ ಒಳಗೆ ಕಟ್ಟಿಕೊಂಡು ಭಾಲ್ಕಿಗೆ ಹೋದ. ಬಾಬುಮಿಯಾ ನಿವೃತ್ತನಾದ ಮೇಲೆ ದಿನಾ ಬೆಳಿಗ್ಗೆ ಡಿಪೊ ಎದುರಿನ ಚಹಾದ ಅಂಗಡಿಯಲ್ಲಿ ಕೂರುತ್ತಿದ್ದ. ಅವನಿಗೆ ಗುರುತು ಸಿಗದಿದ್ದರೆ ಜಗತ್ತಿನಲ್ಲಿ ಯಾರಿಗೂ ಸಿಗುವುದಿಲ್ಲ. ಕಾಶೀರಾಮ ಮುಸುಕು ಹಾಕಿಕೊಂಡು, ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ಅಂಗಡಿಯ ಮುಂದೆ ಹಾದುಹೋದ.

"ಕಾಶಿಭಾಯ್, ಕಾಲಿಗಿ ಏನಾತು?" ಎಂದ ಬಾಬುಮಿಯಾ, ಚಹಾದ ಬಸಿಯಿಂದ ತಲೆ ಎತ್ತದೆ.

ಎರಡನೇ ಸಲ ಸಂದಿಯಿಂದ ಕುಂಟುತ್ತ ಬಂದ. "ಈಗ ಇನ್ನೊಂದ ಕಾಲಿಗಿ ಭೀ ಆತೇನು?" ಎಂದ ಬಾಬುಮಿಯಾ. ಮೂರನೇ ಸಲ ನಡೆಯುವುದೇ ಬೇಡವೆಂದು ಮೂಲೆಯ ಕುರ್ಚಿಯಲ್ಲಿ ಬೆನ್ನು ತಿರುಗಿಸಿ ಕೂತ. ಬಾಬುಮಿಯಾ ಎದ್ದು ಬಂದು ಎದುರಿಗೆ ಕೂತ.

"ಅರ್ಧ ಕುರ್ಚಿ ಮ್ಯಾಲ ಕೂಡಾಂವ ನೀ ಒಬ್ಬನೇ. ಉಳಕಿದ್ದ ಅರ್ಧ ಯಾರಿಗಿ ಬಿಡ್ತಿ? ನೋಡಪಾ, ಹತ್ತೊಂಬತ್ತ ವರ್ಷ ಕನ್ನಡ್ಯಾಗ ನಿನ್ನೇ ನೋಡೀನಿ. ನನ್ನ ಹೆಣ್ತಿ ಮಾರಿ ಭೀ ಅಷ್ಟ ನೋಡಿಲ್ಲ. ಏನಾಗ್ಯದ, ಖರೆ ಹೇಳು."

ಕಾಶೀರಾಮ ಎಲ್ಲ ಹೇಳಿದ. ಸಿನಿಮಾ ಕೆಟ್ಟದ್ದು, ಮಗಳು ಮತ್ತೆ ಮಾತು ಬಿಟ್ಟದ್ದು, ಯಾಕೆ ಬಿಟ್ಟಿದ್ದಳೆಂದು ಮೊದಲಿಂದಲೂ ತನಗೆ ತಿಳಿದುಕೊಳ್ಳಲು ಆಗದ್ದು. ಬಾಬುಮಿಯಾ ಇನ್ನೊಂದು ಚಹಾ ಹೇಳಿದ.

"ಬಸ್ ಕೆಟ್ಟು ನಿಂತಾಗ ನೀ ಏನ್ ಮಾಡ್ತಿದ್ದಿ? ಪ್ಯಾಸೆಂಜರಿಗಿ ಖರೆ ಹೇಳಿ ಬ್ಯಾರೆ ಬಸ್ಸಿಗಿ ಹತ್ತಿಸಿ ಕಳಸ್ತಿದ್ದಿ. ಮಗಳಿಗಿ ಭೀ ಹಂಗ ಹೇಳು. ಮೊದಲ ಮೊಳಕಾಲ ಬಿಚ್ಚು, ರಕ್ತ ನಿಂತೀತು."

ಕಾಶೀರಾಮ ಮನೆಗೆ ಬಂದು ಮಗಳ ಕೋಣೆಯ ಬಾಗಿಲಲ್ಲಿ ನಿಂತ. ಓಂಪ್ರಕಾಶ, ಗುಡಿಯಾ ಇಬ್ಬರೂ ಬಂದಿದ್ದರು. ಮೂವರೂ ಲ್ಯಾಪ್‌ಟಾಪಿನ ಮುಂದೆ ಬಾಗಿದ್ದರು. ದಾರಿಯುದ್ದಕ್ಕೂ ಕಲಿತು ಬಂದ ಮಾತನ್ನು ಆತ ಒಂದೇ ಉಸಿರಿಗೆ ಹೇಳಿದ.

"ಪ್ರಣಿತಾ, ನನ್ನ ತಗದ ಹಾಕು. ಅಶ್ವಜಿತ ಓಟದಾಗ ಫೇಲಾಗಿ ವಾಪಸ್ ಬಂದಾನಂತ ಕೇಳೀನಿ. ಅವನ್ನ ಕರದು ಮತ್ತ ತೆಗೀರಿ. ಇನ್ನಾ ಮೂರ ದಿನ ಅದ, ಆಗ್ತದ. ನಾ ಸಾಮಾನ ಹೊರ್ತೇನಿ, ಊಟ ತರ್ತೇನಿ."

ಇಷ್ಟು ಹೇಳಲು ಆತನಿಗೆ ಎಷ್ಟು ಕಷ್ಟವಾಯಿತೆಂಬುದು ಹೇಳಿದವನಿಗೇ ಗೊತ್ತು. ಸಿನಿಮಾದಿಂದ ಹೊರಗೆ ಬಿದ್ದರೆ ಮಗಳ ಬಾಯಿಂದ ಬರುವ ಮಾತೂ ಹೋಯಿತು.

ಪ್ರಣಿತಾ ತಿರುಗಿ ನೋಡಿದಳು. "ಇಲ್ಲಿ ಬಂದು ಇದು ನೋಡ್ರಿ ಮೊದಲ."

ತೆರೆಯ ಮೇಲೆ ಸಿನಿಮಾ ಇರಲಿಲ್ಲ. ಭಾನುವಾರದ ಜನರ ಮುಖಗಳಿದ್ದವು. ಕೋಲು ಬೀಸುವ ಅಜ್ಜಿ, ಬಾಯಿಗೆ ಸೆರಗು ಒತ್ತಿಕೊಂಡ ಹೆಂಗಸರು, ಅರ್ಧ ಎದ್ದು ನಿಂತ ಹುಡುಗರು.

"ಒಬ್ಬರರೆ ಮೊಬೈಲ್ ನೋಡ್ಯಾರೇನ್ರಿ?" ಎಂದಳು ಪ್ರಣಿತಾ. "ನಿನ್ನಿ ರಾತ್ರಿಯಿಂದ ಹನ್ನೆರಡು ಸಲ ನೋಡೀನಿ. ಕೊಲೆಗಾರ ಯಾರಂತ ಗೊತ್ತಾದಕೂಡ್ಲೇ ಇವರಿಗಿ ಅಂಜಿಕಿ ಕಡಿಮಿ ಆಗಿಲ್ಲ, ಹೆಚ್ಚಾಗ್ಯದ. ನಮಗ ಗೊತ್ತದ, ಆ ಹುಡುಗಿಗಿ ಗೊತ್ತಿಲ್ಲ, ಅದಕ್ಕ ಚೀರಲತ್ತಾರ. ಕಡೀಕ ಮುಸುಕು ತಗದಾಗ ಅಷ್ಟ ಎದ್ದು ಹೋಗ್ಯಾರ. ನಾ ಸಿನಿಮಾನ ಉಲ್ಟಾ ಜೋಡಿಸಿದ್ದೆ. ಮುಖ ಮೊದಲ ಬರಬೇಕು."

ಗುಡಿಯಾ ಮೈಕ್ ಎತ್ತಿಕೊಂಡಳು. "ಅಂಕಲ್, ನಿಮ್ಮ ಮುಖದ್ದು ಒಂದೇ ಶಾಟ್ ಬೇಕಾಗ್ಯದ್ರಿ. ಎಕಂಬಾದಾಗ ತಗದಿದ್ದು ನಡಿಯಂಗಿಲ್ಲ."

ಮಾಳಿಗೆಯ ಮೇಲೆ, ಸಂಜೆ ನಾಲ್ಕರ ಬಿಸಿಲಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕಾಶೀರಾಮನನ್ನು ನಿಲ್ಲಿಸಿದರು. ಮಂಕಿ ಕ್ಯಾಪ್ ತೆಗೆದು ನೇರ ಕ್ಯಾಮೆರಾ ನೋಡಬೇಕು. ಕಂಡವರ ಎದೆ ಝಲ್ಲೆನ್ನಬೇಕು. ಆತ ಕಣ್ಣು ಕೆಕ್ಕರಿಸಿದ. ಹಲ್ಲು ಕಚ್ಚಿದ. ಹುಬ್ಬು ಗಂಟಿಕ್ಕಿದ.

"ಅಂಕಲ್, ಹೊಟ್ಟಿ ನೋಯಲತ್ತದೇನ್ರಿ?" ಎಂದ ಓಂಪ್ರಕಾಶ.

ಹತ್ತು ಟೇಕ್ ಆದವು. ಕೆಳಗಿನಿಂದ ಶಾಲುಬಾಯಿ ಚಹಾ ತಂದು, ಗಂಡನ ಮುಖ ನೋಡಿ ನಗು ತಡೆಯಲಾರದೆ ವಾಪಸು ಹೋದಳು. ಬಿಸಿಲು ಇಳಿಯತೊಡಗಿತು. ಪ್ರಣಿತಾ ಕ್ಯಾಮೆರಾದ ಪಕ್ಕಕ್ಕೆ ಬಂದು ನಿಂತಳು. ಓಂಪ್ರಕಾಶನಿಗೆ ನಿಲ್ಲಿಸಬೇಡ ಎಂದು ಕೈ ಮಾಡಿ ಹೇಳಿದಳು.

"ಅಪ್ಪಾ, ಒಂಬತ್ತನೇ ಇಯತ್ತ್ಯಾಗ ನಾ ಪಾಸ್ ಮನ್ಯಾಗ ಮರ್ತು ನಿಮ್ಮ ಬಸ್ ಹತ್ತಿದ್ದೆ. ನೆನಪದೇನ್ರಿ?"

ಕಾಶೀರಾಮ ಅವಳನ್ನೇ ನೋಡಿದ.

"ಬ್ಯಾರೆ ಹುಡುಗ್ರಿಗಿ ನೀವು ನಾಳಿ ತಾ ಅಂತ ಬಿಡ್ತಿದ್ರಿ. ಅವತ್ತ ನನ್ನ ಜೋಡಿ ಇಬ್ರು ಪಾಸ್ ಮರ್ತಿದ್ರು. ಅವರಿಗಿ ಬಿಟ್ರಿ. ನನಗ ನಡುದಾರ್ಯಾಗ ಗಂಟಿ ಹೊಡದು ಇಳಿಸಿದ್ರಿ. ಕಂಡಕ್ಟರ್ ತನ್ನ ಮಗಳಿಗಿ ಪುಕ್ಕಟ ಒಯ್ತಾನಂತ ಮಂದಿ ಅಂದಾರು ಅಂದ್ರಿ. ಬಸ್ಸಿನ್ಯಾಗಿನ ಮಂದಿ ಎಲ್ಲಾ ಕಿಡಕಿದಾಗಿಂದ ನನ್ನೇ ನೋಡಲತ್ತಿದ್ರು. ನಾಕ ಕಿಲೋಮೀಟರ್ ಬಿಸಲಾಗ ನಡದೀನಿ. ಸಂಜೀಕ ನೀವು ಮನಿಗಿ ಬಂದು ಏನೂ ಆಗಿಲ್ಲದಂಗ ಊಟ ಮಾಡಿದ್ರಿ."

ಕಾಶೀರಾಮನಿಗೆ ನೆನಪಾಯಿತು. ಮಗಳು ಅಷ್ಟು ದೂರ ನಡೆದದ್ದು ಆತನಿಗೆ ಗೊತ್ತೇ ಇರಲಿಲ್ಲ, ಕೇಳಿಯೂ ಇರಲಿಲ್ಲ. ನೆನಪಾದದ್ದು ಅದರ ಮರುದಿನ. ಡಿಪೊದಲ್ಲಿ ಹತ್ತು ಜನರ ನಡುವೆ ನಿಂತು, "ನಾ ಸ್ವಂತ ಮಗಳಿಗಿ ಬಿಟ್ಟಿಲ್ಲ," ಎಂದು ಎದೆ ಉಬ್ಬಿಸಿ ಹೇಳಿಕೊಂಡಿದ್ದ. ಎಲ್ಲರೂ ಶಹಬ್ಬಾಸ್ ಎಂದಿದ್ದರು. ಆ ಶಹಬ್ಬಾಸ್‌ಗಿರಿಯ ಕೆಳಗೆ ಒಂದು ಹುಡುಗಿ ಬಿಸಿಲಿನಲ್ಲಿ ನಡೆದುಹೋಗಿದ್ದಳು. ಅದನ್ನು ಆತ ಎಂಟು ವರ್ಷ ಒಳ್ಳೆಯ ಕೆಲಸವೆಂದೇ ತಿಳಿದು ಮರೆತಿದ್ದ.

ಆತ ಮಂಕಿ ಕ್ಯಾಪನ್ನು ಮೆಲ್ಲಗೆ ತಲೆಯಿಂದ ತೆಗೆದ. ಮುಖ ಬಿಳಿಚಿಕೊಂಡಿತ್ತು. ಕಣ್ಣು ಮಗಳ ಮೇಲಿಂದ ಕದಲಲಿಲ್ಲ.

"ತಪ್ಪಾತವ್ವಾ," ಎಂದ.

ಯಾರೂ ಕಟ್ ಎನ್ನಲಿಲ್ಲ. ಪ್ರಣಿತಾ ಮೂಗು ಒರೆಸಿಕೊಂಡು, "ಓಕೆ ಆತು," ಎಂದಳು. ಆಮೇಲೆ ಒಳಗೆ ಹೋಗಿ, ತಣ್ಣಗಾದ ಚಹಾವನ್ನು ಮತ್ತೆ ಬಿಸಿ ಮಾಡಿ, ತಾನೇ ತಂದು ತಂದೆಯ ಕೈಗೆ ಕೊಟ್ಟಳು.

ನಾಲ್ಕನೇ ದಿನ ಬೀದರಿನ ಕಾಲೇಜಿನ ಹಾಲಿನಲ್ಲಿ ಪ್ರದರ್ಶನ. ಕಲಬುರಗಿಗೆ ಹೋದದ್ದು 'ಮುಸುಕಿನವ'ನೇ ಎಂದು ನಾನು ಈಗಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕಾಶೀರಾಮನಿಗೆ ಆ ದಿನ ಅದರ ಪರಿವೆಯೇ ಇರಲಿಲ್ಲ. ಹೊಸ ಅಂಗಿ ತೊಟ್ಟು, ಶಾಲುಬಾಯಿಯ ಜೊತೆ ಕೊನೆಯ ಸಾಲಿನಲ್ಲಿ, ಅರ್ಧ ಕುರ್ಚಿಯ ಮೇಲೆ ಕೂತಿದ್ದ.

ದೀಪ ಆರಿತು. ತೆರೆಯ ತುಂಬ ಒಬ್ಬ ಮನುಷ್ಯನ ಮುಖ ಬಂತು. ಸಾದಾ ಸೀದಾ ಮುಖ, ಯಾರ ಮನೆಯಲ್ಲೂ ಇರಬಹುದಾದ ಹಿರಿಯನ ಮುಖ. ಅದು ನೋಡನೋಡುತ್ತ ಒಡೆದ ಹಾಗಾಯಿತು. "ತಪ್ಪಾತವ್ವಾ," ಎಂದಿತು. ತೆರೆ ಕಪ್ಪಾಯಿತು. ಎರಡು ಕಾಲು ಗೋಡೆಯ ಪಕ್ಕದಿಂದ ಮೆಲ್ಲಗೆ ನಡೆದು ಬಂದವು. ಹಾಲಿನಲ್ಲಿ ಯಾರೂ ನಗಲಿಲ್ಲ. ಕೊಲ್ಲುವ ಮೊದಲೇ ತಪ್ಪಾಯಿತು ಎನ್ನುವ ಕೊಲೆಗಾರನನ್ನು ಅವರು ಎಲ್ಲೂ ಕಂಡಿರಲಿಲ್ಲ. ಗುಡಿಯಾ ಎಕಂಬಾ ಕ್ರಾಸಿನಲ್ಲಿ ಒಬ್ಬಳೇ ನಿಂತಾಗ, ಮುಂದಿನ ಸಾಲಿನ ಲೆಕ್ಚರರ್ ಒಬ್ಬರು ತಮ್ಮ ಹುದ್ದೆ ಮರೆತು, "ಅಯ್ಯ, ಹಿಂದ ನೋಡವ್ವಾ!" ಎಂದು ಚೀರಿದರು.

ಸಿನಿಮಾ ಮುಗಿದ ಮೇಲೆ ಮೂವರನ್ನೂ ವೇದಿಕೆಗೆ ಕರೆದರು. ಅತಿಥಿಯಾಗಿ ಬಂದಿದ್ದ ಮೇಡಂ ಬೆಂಗಳೂರಿನ ಕಡೆಯವರು, ಹತ್ತಾರು ಕಿರುಚಿತ್ರ ಮಾಡಿದವರು. ಅವರು ಮೈಕ್ ತೆಗೆದುಕೊಂಡು ಕೇಳಿದರು.

"ಮೊದಲನೇ ಶಾಟ್‌ನಲ್ಲಿ ಬರುತ್ತಲ್ಲ ಡೈಲಾಗ್, ಅದನ್ನ ಬರೆದದ್ದು ಯಾರು?"

"ನಮ್ಮಪ್ಪಾರು ಮೇಡಂ," ಎಂದಳು ಪ್ರಣಿತಾ.

"ಇರೋದು ಒಂದೇ ಮಾತು. ಆದರೆ ತುಂಬಾ ಯೋಚನೆ ಮಾಡಿ ಬರೆದಿದ್ದಾರೆ."

"ಹೌದ್ರಿ ಮೇಡಂ. ಎಂಟು ವರ್ಷ ತಗೊಂಡಾರ."

ತಮಾಷೆ ಎಂದುಕೊಂಡು ಹಾಲಿನವರೆಲ್ಲ ನಕ್ಕರು. ಪ್ರಣಿತಾ ಕೂಡ ಕೊನೆಯ ಸಾಲಿನ ಕಡೆ ನೋಡಿ ನಕ್ಕಳು. ಕಾಶೀರಾಮನಿಗೆ ಮಾತ್ರ ಅಳು ಒತ್ತಿ ಬಂತು. ಸಣ್ಣ ಹುಡುಗರ ಹಾಗೆ ಬಿಕ್ಕಿ ಬಿಕ್ಕಿ ಅಳತೊಡಗಿದ. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ತಿರುಗಿದರು.

ಶಾಲುಬಾಯಿ ಮೊಳಕೈಯಿಂದ ತಿವಿದಳು. "ಸುಮ್ಕಿರ್ರಿ. ಮಂದಿ ನೋಡಲತ್ತಾರ."

"ನೋಡ್ಲಿ," ಎಂದ ಕಾಶೀರಾಮ.